ತಂಪು ಗೋಡೆಗೆ ಬೆಚ್ಚನೆಯ ಬಣ್ಣ

ವಿಜಯಪುರ ಜಿಲ್ಲೆಯ ಅರಕೇರಿ, ತಿಕೋಟಾ, ಬಬಲೇಶ್ವರ ಸುತ್ತಿನ ಊರುಗಳಲ್ಲಿ ಈಗ ಮನೆ ಕಟ್ಟುವ ಭರಾಟೆ. ಏತ ನೀರಾವರಿಯ ನೀರು ಬಂದಿದೆ, ದ್ರಾಕ್ಷಿ ಪಡದಲ್ಲಿ ನಾಲ್ಕು ಕಾಸು ಕಂಡಿದೆ. ಹಳೆಯ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಸ್ಲ್ಯಾಬಿನ ಮನೆ ಎಬ್ಬಿಸುವವರು ಓಣಿಗೊಬ್ಬರು ಸಿಗುತ್ತಾರೆ. ಗಿಲಾವ ಮುಗಿದು, ಪುಟ್ಟಿ ಎಳೆದು, ಬಣ್ಣದ ಮಾತು ಬರುವ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. 'ಪಡಸಾಲಿಗೆ ಬಿಳೀದ ಹಚ್ಚಸ್ರಿ, ತಂಪ ಇರತೈತಿ' ಎನ್ನುವುದು ಹಿರಿಯರ ಮಾತು. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ಮಗ, ಹೊಸದಾಗಿ ಬಂದ ಸೊಸೆ ಮೊಬೈಲಿನಲ್ಲಿ ಇಟ್ಟಿಗೆಗೆಂಪು, ಕಡುಹಳದಿ, ದಾಳಿಂಬೆ ಬಣ್ಣದ ಗೋಡೆಗಳನ್ನು ತೋರಿಸುತ್ತಾರೆ. ಎಲ್ಲರೂ ಕೂಡಿ ಕೂರುವ ಜಾಗ ಬರೀ ಬೆಳ್ಳಗೆ ಬೋಳಾಗಿ ಇರಬಾರದು, ಒಳಗೆ ಕಾಲಿಟ್ಟವರಿಗೆ 'ಬರ್ರಿ, ಕುಂದರ್ರಿ' ಅಂದ ಹಾಗಿರಬೇಕು ಎಂಬುದು ಅವರ ಆಸೆ.

ಎರಡೂ ಮಾತಿನಲ್ಲಿ ಹುರುಳಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನೆಲದಲ್ಲಿ ಮನೆ ಬೆಚ್ಚಗಿರಲಿ ಎಂದು ಯಾರೂ ಹರಕೆ ಹೊರುವುದಿಲ್ಲ. ಹಾಗೆಂದು ಗಾಢ ಕೆಂಪು, ಹಳದಿ ಗೋಡೆಯ ಕೋಣೆಯೆಂಬುದು ಹಿಮ ಬೀಳುವ ದೇಶಗಳ ಹವ್ಯಾಸ, ನಮಗೆ ಸಲ್ಲದು ಎಂದು ತಳ್ಳಿಹಾಕಿದರೆ ನಮ್ಮದೇ ಗೋಡೆಗಳ ಚರಿತ್ರೆಗೆ ಅನ್ಯಾಯ ಮಾಡಿದಂತೆ. ನಾನು ಹೇಳಬೇಕೆಂದಿರುವುದು ಇಷ್ಟು: ತಂಪು ಕೊಡಬೇಕಾದದ್ದು ಮಾಳಿಗೆ ಮತ್ತು ಗೋಡೆಯ ಮೈ. ಬಣ್ಣದ ಕೆಲಸ ಬೇರೆ, ಅದರ ಹೊತ್ತೂ ಬೇರೆ. ಹಗಲು ಹೊಲಕ್ಕೆ, ಶಾಲೆಗೆ, ಅಂಗಡಿಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದು ಕೂಡುವ ಜಾಗ ಪಡಸಾಲೆ. ಅದರ ಬಣ್ಣವನ್ನು ಆ ದೀಪದ ಬೆಳಕಿಗೆ ಆರಿಸಬೇಕು. ಹಳೆಯ ಮನೆಗಳು ಈ ಎರಡು ಕೆಲಸವನ್ನು ಬೆರೆಸಿರಲಿಲ್ಲ. ಹೊಸ ಮನೆಗಳು ಬೆರೆಸಿದ್ದರಿಂದಲೇ ಜಗಳ.

ಈ ಭಾಗದ ಹಳೆಯ ಮನೆ ಎಂದರೆ ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಕಡಿಮೆ, ಇದ್ದರೂ ಸಣ್ಣವು. ಬೆಳಕು ಬರುವುದು ತಲೆಬಾಗಿಲಿನಿಂದ ಮತ್ತು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ. ಮಧ್ಯಾಹ್ನ ಹೊರಗೆ ಕಣ್ಣು ಬಿಡಲಾಗದ ಬಿಸಿಲಿದ್ದರೂ ಒಳಗೆ ಕತ್ತಲು ಬೆರೆತ ತಂಪು. ಅಂಥ ಕೋಣೆಗೆ ಸುಣ್ಣ ಬೇಕೇ ಬೇಕು; ಇದ್ದ ಒಂದು ಹಿಡಿ ಬೆಳಕನ್ನು ಗೋಡೆಯಿಂದ ಗೋಡೆಗೆ ದಾಟಿಸುವುದು ಅದೇ. ಆದರೆ ಸುಣ್ಣ ಗೋಡೆಯ ಬುಡದವರೆಗೆ ಇಳಿಯುತ್ತಿರಲಿಲ್ಲ. ನೆಲದಿಂದ ಒಂದಷ್ಟು ಎತ್ತರಕ್ಕೆ ಹುರಮಂಜದ ಕೆಂಪು ಪಟ್ಟಿ ಓಡುತ್ತಿತ್ತು. ಸಾರಣೆ ಕಾರಣೆ ಎಂದು ಜೋಡಿಯಾಗಿ ಹೇಳುತ್ತೇವಲ್ಲ, ನೆಲಕ್ಕೆ ಸೆಗಣಿಯ ಸಾರಣೆ, ಗೋಡೆಯ ಬುಡಕ್ಕೆ ಕೆಂಪಿನ ಕಾರಣೆ. ನೆಲ ಸಾರಿಸುವಾಗ ಸಿಡಿಯುವ ರಾಡಿ, ಒರಗಿ ಕುಳಿತವರ ಬೆನ್ನಿನ ಎಣ್ಣೆ, ಮಕ್ಕಳ ಕೈ ಎಲ್ಲ ಆ ಕೆಂಪಿನಲ್ಲಿ ಅಡಗುತ್ತಿತ್ತು. ದೀಪದ ಗೂಡುಗಳ ಸುತ್ತ, ಹೊಸ್ತಿಲಿಗೆ, ಅಂಗಳದ ತುಳಸಿಕಟ್ಟೆಗೆ ಮತ್ತೆ ಅದೇ ಕೆಂಪು. ಕೂಡುವ ಜಾಗದ ಸುತ್ತ, ಕೂತವರ ಕಣ್ಣಿನ ಮಟ್ಟಕ್ಕೆ ತುಸು ಕೆಳಗೆ ಬೆಚ್ಚನೆಯ ಬಣ್ಣ, ಅದರ ಮೇಲೆ ಬೆಳಕು ಚೆಲ್ಲುವ ಬಿಳಿ. ಇದಕ್ಕಿಂತ ಜಾಣತನದ ಹೊಂದಾಣಿಕೆಯನ್ನು ನಾನು ಇವತ್ತಿನ ಯಾವ ಶೇಡ್ ಕಾರ್ಡಿನಲ್ಲೂ ಕಂಡಿಲ್ಲ.

ಆಗಿನ ಮನೆಗಳಲ್ಲಿ ಬಣ್ಣಗಳು ಇಷ್ಟೇ ಏಕೆ? ಬಿಳಿ, ತಿಳಿನೀಲಿ, ಕಾವಿಗೆಂಪು, ಮಣ್ಣಿನ ಹಳದಿ. ಬಡತನ ಒಂದು ಕಾರಣ ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಸುಣ್ಣದ ಗುಣದಲ್ಲಿದೆ. ಹಸಿ ಸುಣ್ಣ ತೀಕ್ಷ್ಣ ಕ್ಷಾರ, ತನ್ನೊಳಗೆ ಬಿದ್ದ ಬಹಳಷ್ಟು ಬಣ್ಣಗಳನ್ನು ಅದು ತಿಂದುಹಾಕುತ್ತದೆ. ಗಿಡದ ಬೇರು, ತೊಗಟೆ, ಹೂವಿನ ಬಣ್ಣಗಳು ಅದರಲ್ಲಿ ಬಾಳುವುದಿಲ್ಲ. ಬಾಳುವುದು ಕಬ್ಬಿಣದ ಮಣ್ಣು. ಹುರಮಂಜ, ಕೆಮ್ಮಣ್ಣು, ಕಾವಿ ಇವೆಲ್ಲದರ ಕೆಂಪು ಕಬ್ಬಿಣದ ಆಕ್ಸೈಡಿನದು. ಹಳದಿ ಮಣ್ಣಿನಲ್ಲಿರುವುದೂ ಕಬ್ಬಿಣವೇ, ಆದರೆ ನೀರಿನ ಅಂಶ ಹಿಡಿದುಕೊಂಡದ್ದು. ಹಳದಿ ಮಣ್ಣನ್ನು ಬೆಂಕಿಗಿಟ್ಟರೆ ಆ ನೀರು ಬಿಟ್ಟು ಕೆಂಪಾಗುತ್ತದೆ. ಸುಣ್ಣದ ಕ್ಷಾರಕ್ಕಾಗಲಿ ವಿಜಯಪುರದ ಬಿಸಿಲಿಗಾಗಲಿ ಇವು ಜಗ್ಗುವುದಿಲ್ಲ. ಇನ್ನು ಸುಣ್ಣಕ್ಕೆ ಚಿಟಿಕೆ ಹಾಕುತ್ತಿದ್ದ ನೀಲಿ: ಬಟ್ಟೆಗೆ ಹಾಕುವ ಅದೇ ಅಲ್ಟ್ರಾಮರೀನ್ ನೀಲಿ, ಅದೂ ಕ್ಷಾರವನ್ನು ತಾಳಿಕೊಳ್ಳುತ್ತದೆ. ಮೊದಲು ಆಯ್ದದ್ದು ಸುಣ್ಣ, ಮನೆಯ ಹೆಣ್ಣುಮಕ್ಕಳು ಆಯ್ದದ್ದು ಆನಂತರ. ಹಾಗೆ ಉಳಿದ ನಾಲ್ಕೇ ಬಣ್ಣಗಳು ಒಂದರ ಪಕ್ಕ ಒಂದು ಎಲ್ಲಿ ಇಟ್ಟರೂ ಜಗಳವಾಡದೆ ಕೂರುತ್ತವೆ.

ಹಳದಿ ಮಣ್ಣಿನ ಆ ಖನಿಜಕ್ಕೆ ಗೋಥೈಟ್ ಎಂದು ಹೆಸರು. ಜರ್ಮನ್ ಕವಿ ಗಯಟೆಯ ಗೌರವಕ್ಕೆ 1806ರಲ್ಲಿ ಇಟ್ಟದ್ದು. ಬಣ್ಣಗಳ ಬಗ್ಗೆ 1810ರಲ್ಲಿ ದೊಡ್ಡ ಗ್ರಂಥ ಬರೆದು, ಹಳದಿ ಕೆಂಪುಗಳನ್ನು ಮನಸ್ಸಿಗೆ ಚುರುಕು ತರುವ ಬಣ್ಣಗಳೆಂದು ಒಂದು ಕಡೆಗೆ, ನೀಲಿಯನ್ನು ಇನ್ನೊಂದು ಕಡೆಗೆ ಇಟ್ಟವನು ಆತ. ಬೆಚ್ಚನೆಯ ಬಣ್ಣ, ತಣ್ಣನೆಯ ಬಣ್ಣ ಎಂದು ಒಳಾಂಗಣದ ಪುಸ್ತಕಗಳು ಇಂದು ಹೇಳುವ ವಿಂಗಡಣೆಯ ಹಿಂದೆ ಆ ಗ್ರಂಥದ ನೆರಳಿದೆ.

ಸುಣ್ಣಕ್ಕೆ ಸೋಲುವ ಬಣ್ಣಕ್ಕೆ ಉದಾಹರಣೆ ಬೇಕಿದ್ದರೆ ಅರಕೇರಿಯಲ್ಲೇ ಇದೆ. ಇದು ಅಮೋಘಸಿದ್ಧನ ಊರು, ಹಾಲುಮತದವರ ದೊಡ್ಡ ನೆಲೆ. ಜಾತ್ರೆಯಲ್ಲಿ ಭಂಡಾರ ಹಾರಿತೆಂದರೆ ಪಲ್ಲಕ್ಕಿ, ಡೊಳ್ಳು, ಕಂಬಳಿ, ಗೋಡೆ ಎಲ್ಲವೂ ಅರಿಶಿನ. ಹಳದಿಯಲ್ಲಿ ಇಷ್ಟೊಂದು ಮೀಯುವ ಜನ ಮನೆಯ ಗೋಡೆಗೆ ಅರಿಶಿನ ಬಳಿಯಲಿಲ್ಲ. ಏಕೆಂದರೆ ಹಸಿ ಸುಣ್ಣಕ್ಕೆ ಅರಿಶಿನ ಬಿದ್ದರೆ ಕೆಂಪಾಗುತ್ತದೆ, ಆರತಿಯ ಓಕುಳಿ ಮಾಡುವ ಎಲ್ಲರಿಗೂ ಅದು ಗೊತ್ತು. ಆ ಕೆಂಪೂ ನಿಲ್ಲುವುದಿಲ್ಲ, ಬಿಸಿಲಿಗೆ ಸಪ್ಪಗಾಗುತ್ತದೆ. ಹೀಗಾಗಿ ಹಬ್ಬದ ಹಳದಿ ಮೈಮೇಲೆ ಉಳಿಯಿತು, ಗೋಡೆಗೆ ಮಣ್ಣಿನ ಕೆಂಪು ಬಂತು.

ಮಲೆನಾಡಿನಲ್ಲಿ ಕಥೆ ಬೇರೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಇಡೀ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಉತ್ತರ ಕನ್ನಡದ ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗಿಲಾವಕ್ಕೆ ಕೆಂಪು ಲೇಪಿಸಿ, ಕೆರೆದು, ಬಿಳಿಯನ್ನು ಹೊರತೆಗೆಯುತ್ತಾರೆ. ಅಲ್ಲಿ ಕಾಲಡಿಯ ನೆಲವೇ ಕೆಂಪು. ಜಂಬಿಟ್ಟಿಗೆಯ ನಾಡು, ತಿಂಗಳುಗಟ್ಟಲೆ ಮಳೆ, ಮೋಡದ ಮೆತ್ತನೆ ಬೆಳಕು. ನಮ್ಮಲ್ಲಿ ಕಪ್ಪುಗಲ್ಲು, ಎರೆಭೂಮಿ. ಕೆಂಪು ಎನ್ನುವುದು ಸಂತೆಯಿಂದ ಪುಡಿಯಾಗಿ ಬರಬೇಕು. ಸುಲಭಕ್ಕೆ ಸಿಗದ್ದನ್ನು ಜನ ಗೋಡೆ ತುಂಬ ಚೆಲ್ಲುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ಇಡುತ್ತಾರೆ. ಕಡುಗೆಂಪಿನ ಇಡೀ ಗೋಡೆ ಬೇಕೆನ್ನುವವರಿಗೆ ಕನ್ನಡ ನಾಡಿನಲ್ಲಿ ಮೇಲ್ಪಂಕ್ತಿ ಇದೆ, ಆದರೆ ಅದು ಮಲೆನಾಡಿನದು. ಬಯಲುಸೀಮೆಯ ಮೇಲ್ಪಂಕ್ತಿ ಪಟ್ಟಿಯದು.

ಸಾಮಾನ್ಯರ ಮನೆ ಬಿಟ್ಟು ಅರಮನೆಗೆ ಬಂದರೆ ವಿಜಯಪುರದಲ್ಲಿ ಬಣ್ಣಕ್ಕೆ ಬರವೇ ಇರಲಿಲ್ಲ. ನಗರದಿಂದ ತಿಕೋಟಾ ಕಡೆಗೆ ಹೊರಟರೆ ಮೊದಲು ಸಿಗುವ ತೊರವಿಯ ಆಸುಪಾಸಿನಲ್ಲೇ ಎರಡನೇ ಇಬ್ರಾಹಿಂ ಆದಿಲಶಾಹ ನೌರಸಪುರವೆಂಬ ಹೊಸ ನಗರ ಕಟ್ಟಿಸಲು ಹೊರಟಿದ್ದ. ಸಂಗೀತ, ಚಿತ್ರ ಎರಡರಲ್ಲೂ ಮುಳುಗಿದ ದೊರೆ. ಅವನ ಮಗ ಮುಹಮ್ಮದ ಆದಿಲಶಾಹನ ಕಾಲದಲ್ಲಿ, 1636ರಲ್ಲಿ, ಜುಮ್ಮಾ ಮಸೀದಿಯ ಮಿಹ್ರಾಬಿಗೆ ಚಿನ್ನ ಮತ್ತು ಬಣ್ಣಗಳ ಅಲಂಕಾರವಾಯಿತು. ಅಲ್ಲಿ ಗೋಡೆಯ ಮೇಲೆ ಬಣ್ಣದಲ್ಲೇ ಗೂಡುಗಳನ್ನು ಬರೆದು, ಆ ಗೂಡುಗಳೊಳಗೆ ಪುಸ್ತಕ, ಹೂದಾನಿ ಇಟ್ಟಂತೆ ತೋರಿಸಿದ್ದಾರೆ. ಅದೇ ದೊರೆ ಕಟ್ಟಿಸಿದ ಆಸಾರ ಮಹಲಿನ ಮೇಲಂತಸ್ತಿನ ಕೋಣೆಗಳಲ್ಲೂ ಗೋಡೆ ತುಂಬ ಚಿತ್ರಗಳಿದ್ದವು. ನಗರದ ಪೂರ್ವಕ್ಕೆ ಸಿಂದಗಿ ದಾರಿಯಲ್ಲಿರುವ ಕುಮಟಗಿಯ ಜಲಮಂಟಪಗಳ ಒಳಗೋಡೆಗಳಲ್ಲಿ ಕುಸ್ತಿ, ಕುದುರೆ ಮೇಲಿನ ಚೆಂಡಾಟದ ಚಿತ್ರಗಳು ಮಾಸಿದ ಸ್ಥಿತಿಯಲ್ಲಿ ಇವತ್ತಿಗೂ ಕಾಣುತ್ತವೆ.

ಕುಮಟಗಿಯನ್ನು ನಾನು ಬೇಕೆಂದೇ ಎತ್ತಿದೆ. ಅದು ಬೇಸಿಗೆಯ ಬಿಡಾರ. ಸುತ್ತ ಕೆರೆಯ ನೀರು, ಕಾರಂಜಿ, ಮೇಲಿನಿಂದ ನೀರು ಸುರಿಯುವ ಏರ್ಪಾಡು, ಎಲ್ಲವೂ ತಂಪಿಗಾಗಿ ಮಾಡಿದ್ದು. ಅಂಥ ಜಾಗದ ಒಳಗೋಡೆಗೂ ಬಣ್ಣ ತುಂಬಿದರು. ತಂಪನ್ನು ನೀರಿಗೆ, ಗಾಳಿಗೆ, ಕಲ್ಲಿಗೆ ಒಪ್ಪಿಸಿದರು. ಕಣ್ಣಿನ ಹಬ್ಬವನ್ನು ಬಣ್ಣಕ್ಕೆ ಬಿಟ್ಟರು. ಆದಿಲಶಾಹಿ ದೊರೆಗಳಿಗೂ ಹುರಮಂಜ ಬಳಿಯುವ ಮನೆಯ ಒಡತಿಗೂ ಇದ್ದ ತಿಳಿವಳಿಕೆ ಒಂದೇ ಎಂಬುದು ನನಗೆ ಈ ಇಡೀ ಪ್ರಶ್ನೆಯಲ್ಲಿ ಬಹಳ ಮುಖ್ಯವಾಗಿ ಕಂಡ ಸಂಗತಿ.

ದೂರದ ಸಾಕ್ಷಿಯೂ ಇದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇ ನಗರದ ಮನೆಗಳು. ಅದೂ ಬಿಸಿಲಿನ ನಾಡೇ. ದಪ್ಪ ಗೋಡೆ, ಕಿರುಕಿಟಕಿ, ನಡುವೆ ಆಕಾಶಕ್ಕೆ ತೆರೆದ ಅಂಗಳ. ಒಳಗೋಡೆಗಳು ಕಡುಗೆಂಪು, ಹಳದಿ, ಬುಡದಲ್ಲಿ ಇನ್ನೂ ಗಾಢವಾದ ಪಟ್ಟಿ. ಅಲ್ಲಿಯ ಕೆಂಪಿನಲ್ಲಿ ಒಂದಷ್ಟು ಭಾಗ ಮೂಲದಲ್ಲಿ ಹಳದಿಯಾಗಿದ್ದು, ಜ್ವಾಲಾಮುಖಿಯ ಕಾವಿಗೆ ಕೆಂಪಾಯಿತೆಂದು ಇಟಲಿಯ ಸಂಶೋಧಕರು ತೋರಿಸಿದ್ದಾರೆ. ಅದು ಹಳದಿ ಮಣ್ಣನ್ನು ಬೆಂಕಿಗಿಟ್ಟಾಗ ಆಗುವುದೇ. ಬೆಚ್ಚನೆಯ ಗೋಡೆ ಚಳಿದೇಶದ ಸೊತ್ತಲ್ಲ ಎಂಬುದಕ್ಕೆ ಇದು ಸಾಕು.

ನಮ್ಮ ಹಳೆಯ ಮನೆಗೂ ಇಂದಿನ ಮನೆಗೂ ನಡುವೆ ಒಂದು ಕಾಲ ಬಂತು, ಅದನ್ನು ಬೇಗ ದಾಟಬಹುದು. 1942ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಏಷ್ಯನ್ ಪೇಂಟ್ಸ್‌ನಂಥ ಕಂಪನಿಗಳು ಡಿಸ್ಟೆಂಪರನ್ನು ಸಣ್ಣ ಊರುಗಳ ಅಂಗಡಿಗೂ ತಂದವು. ಏಷ್ಯನ್ ಪೇಂಟ್ಸ್‌ನ ಜಾಹೀರಾತಿನ ಹುಡುಗ, ಬಕೆಟ್ ಬ್ರಷ್ ಹಿಡಿದ ಗಟ್ಟು, 1954ರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣರ ಕೈಯಲ್ಲಿ ಹುಟ್ಟಿದವನು. ತಿಳಿಗುಲಾಬಿ, ತಿಳಿಹಸಿರು, ಆಕಾಶನೀಲಿ ಪಡಸಾಲೆಗಳು ಆಗ ಬಂದವು. ಡಿಸ್ಟೆಂಪರಿನ ಗೋಡೆಗೆ ಒರಗಿದರೆ ಅಂಗಿಯ ಬೆನ್ನಿಗೆ ಬಣ್ಣ ಹತ್ತುತ್ತಿತ್ತು. ಅದಕ್ಕೆ ಜನ ಕಂಡುಕೊಂಡ ಉಪಾಯ, ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಆಯಿಲ್ ಪೇಂಟ್, ಅದರ ಮೇಲೆ ಸುಣ್ಣ ಅಥವಾ ಡಿಸ್ಟೆಂಪರ್, ನಡುವೆ ಒಂದು ಗೆರೆ. ಸರಕಾರಿ ಶಾಲೆ, ಬ್ಯಾಂಕು, ಬಸ್‌ ನಿಲ್ದಾಣಗಳಲ್ಲೂ ಇದನ್ನೇ ನೋಡಿ ಬೆಳೆದವರು ನಾವು. ಕಾರಣೆ ಹೋಗಿರಲಿಲ್ಲ, ಆಯಿಲ್ ಪೇಂಟಿನ ವೇಷ ಹಾಕಿಕೊಂಡು ಉಳಿದಿತ್ತು. ಅದನ್ನು ಪೂರ್ತಿ ಅಳಿಸಿದ್ದು ಪುಟ್ಟಿ ಎಳೆದ ನುಣುಪು ಗೋಡೆ ಮತ್ತು ಒರೆಸಿ ತೊಳೆಯಬಹುದಾದ ಇಮಲ್ಷನ್. ಜೊತೆಗೆ ಬಂದದ್ದು ಕಂಪ್ಯೂಟರ್‌ ಬೆರೆಸಿ ಕೊಡುವ ಸಾವಿರಾರು ಬಣ್ಣ. ಆಯ್ಕೆ ಹೆಚ್ಚಿತು, ಆಯುವುದಕ್ಕೆ ಆಸರೆಯಾಗಿದ್ದ ತಿಳಿವಳಿಕೆ ಹಿಂದೆ ಬಿತ್ತು.

ಈಗ ಹಿರಿಯರ ಆತಂಕಕ್ಕೆ ಬರೋಣ. ಒಳಗೋಡೆಗೆ ಕೆಂಪು ಹಚ್ಚಿದರೆ ಮನೆ ಕಾಯುತ್ತದೆಯೇ? ಹೊರಗೋಡೆಗೆ, ಮಾಳಿಗೆಗೆ ಗಾಢ ಬಣ್ಣ ಹಚ್ಚಿದರೆ ಖಂಡಿತ ಕಾಯುತ್ತದೆ. ಬಿಸಿಲನ್ನು ಹೀರುವುದು ಅವು. ಒಳಗೋಡೆಗೆ ನೇರ ಬಿಸಿಲು ಬೀಳುವುದಿಲ್ಲವಾದ್ದರಿಂದ ಅಲ್ಲಿ ಬಣ್ಣದಿಂದ ಆಗುವ ಕಾವಿನ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಕಣ್ಣಿಗೆ ಕೆಂಪು ಕಂಡರೆ ಮೈಗೆ ಸೆಕೆ ಅನ್ನಿಸುತ್ತದೆಯೇ ಎಂದು ಪ್ರಯೋಗಗಳೂ ನಡೆದಿವೆ. ಅವುಗಳ ಉತ್ತರ ಒಂದೇ ತೆರನಾಗಿಲ್ಲ, ಪರಿಣಾಮ ಕಂಡಲ್ಲಿಯೂ ಅದು ಸಣ್ಣದು. ಸ್ಲ್ಯಾಬಿನ ಮನೆಯನ್ನು ನಿಜವಾಗಿ ಕಾಯಿಸುವುದು ತಲೆಯ ಮೇಲಿನ ಕಾಂಕ್ರೀಟು. ಹಗಲೆಲ್ಲ ಬಿಸಿಲುಂಡು ರಾತ್ರಿ ಅದನ್ನು ಒಳಗೆ ಬಿಡುತ್ತದೆ, ಮಲಗಿದವರು ಹಾಸಿಗೆ ಎತ್ತಿಕೊಂಡು ಮಾಳಿಗೆಗೆ ಹೋಗುವುದು ಅದಕ್ಕೇ. ಮಣ್ಣಿನ ಮಾಳಿಗೆಯ ಕೆಳಗೆ ಈ ಪಾಡಿರಲಿಲ್ಲ.

ಆದ್ದರಿಂದ ಬಣ್ಣದ ದುಡ್ಡಿನಲ್ಲಿ ಮೊದಲ ಪಾಲು ಸ್ಲ್ಯಾಬಿನ ಮೇಲ್ಮೈಗೆ ಹೋಗಲಿ. ಬೇಸಿಗೆಗೆ ಮುಂಚೆ ಅಲ್ಲಿ ದಪ್ಪಗೆ ಸುಣ್ಣ ಬಳಿದರೂ ಕೆಳಗಿನ ಕೋಣೆಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ತಿರುಗಿಸಿ ಕಳಿಸುತ್ತದೆ, ಬರಿ ಕಾಂಕ್ರೀಟು ಹೀರಿಕೊಳ್ಳುತ್ತದೆ. ಮಳೆಗೆ ಅದು ತೊಳೆದುಹೋಗುತ್ತದೆ, ವರ್ಷವರ್ಷ ಬಳಿಯಬೇಕು; ಸುಣ್ಣಕ್ಕೆ ಆಗುವ ಖರ್ಚು ನೋಡಿದರೆ ಅದು ಭಾರವಲ್ಲ. ಬಿಳಿ ಬೇಕೆನ್ನುವ ಹಿರಿಯರ ಮಾತು ಪೂರ್ತಿ ಸರಿ, ಆದರೆ ಆ ಬಿಳಿಯ ಜಾಗ ಮಾಳಿಗೆಯ ನೆತ್ತಿ. ಅದು ನೆತ್ತಿಗೆ ಬಂದರೆ ಪಡಸಾಲೆಯ ಗೋಡೆ ಕೆಂಪಾಗಲು ಅಡ್ಡಿಯಿಲ್ಲ.

ಅಡ್ಡಿ ಇರುವುದು ಬೆಳಕಿನದು, ಇದನ್ನು ಮೊಬೈಲಿನ ಚಿತ್ರಗಳು ಹೇಳುವುದಿಲ್ಲ. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲನ್ನೋ ಅದಕ್ಕೂ ಹೆಚ್ಚನ್ನೋ ವಾಪಸು ಕೊಟ್ಟರೆ, ಗಾಢ ಇಟ್ಟಿಗೆಗೆಂಪು ಕೊಡುವುದು ಐದರಲ್ಲೊಂದು ಪಾಲಿಗಿಂತ ಕಡಿಮೆ. ನಾಲ್ಕೂ ಗೋಡೆಗೆ ಅದನ್ನು ತುಂಬಿದರೆ ಹಗಲಿನಲ್ಲೂ ದೀಪ ಹಾಕಬೇಕಾದ ಕೋಣೆಯಾಗುತ್ತದೆ. ಅಕ್ಕಪಕ್ಕದ ಮನೆಗಳಿಗೆ ಗೋಡೆ ಹೊಂದಿಕೊಂಡ ನಮ್ಮ ಓಣಿಯ ಮನೆಗಳಲ್ಲಿ ಕಿಟಕಿಗೆ ಎರಡು ದಿಕ್ಕು ಸಿಕ್ಕರೆ ಪುಣ್ಯ. ಜೊತೆಗೆ ತಲೆಬಾಗಿಲಿನಿಂದ ನುಗ್ಗುವ ಬಿಸಿಲಿನ ಝಳಪು. ಬಾಗಿಲಿನ ಪಕ್ಕದ ಗೋಡೆ ಕಡುಬಣ್ಣದ್ದಾದರೆ ಹೊಳೆಯುವ ಬಾಗಿಲಿಗೂ ಕತ್ತಲ ಗೋಡೆಗೂ ನಡುವೆ ಸಿಕ್ಕ ಕಣ್ಣು ನೋಯುತ್ತದೆ. ಬಾಗಿಲಿರುವ ಗೋಡೆಯನ್ನು ತಿಳಿಯಾಗಿಡಿ, ಬಾಗಿಲಿಗೆ ಎದುರಾದ ಗೋಡೆಗೆ ಗಾಢ ಬಣ್ಣ ಕೊಡಿ. ಒಳಗೆ ಬಂದ ಬೆಳಕು ಅದರ ಮೇಲೆ ಬಿದ್ದು ಬಣ್ಣ ಎದ್ದು ಕಾಣುತ್ತದೆ, ಬಂದವರ ಕಣ್ಣೂ ಮೊದಲು ಅಲ್ಲೇ ಹೋಗುತ್ತದೆ.

ರಾತ್ರಿಯ ದೀಪದ ಮಾತು ಇನ್ನೂ ಮುಖ್ಯ. ಹಳೆಯ ಎಣ್ಣೆದೀಪ, ಕಂದೀಲು, ಆಮೇಲೆ ಬಂದ ಹಳದಿ ಬಲ್ಬು, ಎಲ್ಲದರ ಬೆಳಕಿನಲ್ಲೂ ಕೆಂಪು ಹಳದಿಯ ಪಾಲು ಹೆಚ್ಚು, ಹುರಮಂಜದ ಗೋಡೆ ಅದರಲ್ಲಿ ಅರಳುತ್ತಿತ್ತು. 2015ರ ಉಜಾಲಾ ಯೋಜನೆಯ ಬಳಿಕ ಎಲ್‌ಇಡಿ ಬಲ್ಬು ಹಳ್ಳಿಹಳ್ಳಿಗೆ ಮುಟ್ಟಿತು. ಕರೆಂಟು ಬಿಲ್ಲಿಗೆ ಅದು ದೊಡ್ಡ ಉಪಕಾರ. ಆದರೆ ನಮ್ಮ ಅಂಗಡಿಗಳಲ್ಲಿ ಕೇಳದೆ ಕೊಡುವುದು 6500 ಕೆಲ್ವಿನ್‌ನ ನೀಲಿ ಬೆರೆತ ಬಿಳಿ ಬೆಳಕಿನ ಬಲ್ಬನ್ನು. ಅದರಡಿ ಎಷ್ಟೇ ದುಬಾರಿಯ ಇಟ್ಟಿಗೆಗೆಂಪೂ ಕಂದಿ ಕಾಣುತ್ತದೆ, ಜೇನುಹಳದಿ ಹಸಿರುಹಸಿರಾಗುತ್ತದೆ. ಬಣ್ಣ ಹಚ್ಚಿಸಿ ವಾರಕ್ಕೇ ಬೇಸರಪಟ್ಟುಕೊಂಡವರ ಮನೆಗಳಲ್ಲಿ ಬಹಳ ಸಲ ಬಣ್ಣದ ತಪ್ಪಿರುವುದಿಲ್ಲ, ಬಲ್ಬಿನ ತಪ್ಪಿರುತ್ತದೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದ 'ವಾರ್ಮ್ ವೈಟ್' ಬಲ್ಬು ಕೇಳಿ ತನ್ನಿ. ಮಕ್ಕಳು ಓದಿಗೆ ಕೂರುವ ಮೂಲೆಗೆ ಬಿಳಿ ಬೆಳಕು ಬೇರೆ ಇರಲಿ. ಛಾವಣಿಯ ನಡುವೆ ಒಂದೇ ಕಣ್ಣು ಕುಕ್ಕುವ ದೀಪದ ಬದಲು ಗೋಡೆಯ ಮೇಲೆ ಬೆಳಕು ಬೀಳುವಂತೆ ಎರಡು ಕಡೆ ಸಣ್ಣ ದೀಪಗಳಿದ್ದರೆ ಗಾಢ ಬಣ್ಣಕ್ಕೆ ಜೀವ ಬರುತ್ತದೆ. ಗೋಡೆಯ ಗೂಡಿನಲ್ಲಿ ಹಣತೆ ಇಟ್ಟವರು ಮಾಡಿದ್ದು ಇದನ್ನೇ.

ಶೇಡ್ ಕಾರ್ಡಿನ ಅಂಗೈಯಗಲದ ಚೌಕ ನೋಡಿ ಗೋಡೆಯನ್ನು ಊಹಿಸುವುದು ಯಾರಿಂದಲೂ ಆಗದ ಕೆಲಸ. ದೊಡ್ಡ ಹರವಿನಲ್ಲಿ ಎಲ್ಲ ಬಣ್ಣವೂ ಕಾರ್ಡಿಗಿಂತ ಗಾಢವಾಗಿ, ಗದ್ದಲವಾಗಿ ಕಾಣುತ್ತದೆ. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಮೂರಡಿಗೆ ಮೂರಡಿ ಹಚ್ಚಿ, ಒಣಗಿದ ಮೇಲೆ ಮಧ್ಯಾಹ್ನ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಬೇಕು. ಎರಡರಲ್ಲಿ ಒಂದನ್ನೇ ನಂಬಬೇಕಾದರೆ ನಾನು ರಾತ್ರಿಯದನ್ನು ನಂಬುತ್ತೇನೆ.

ಯಾವ ಕೆಂಪು, ಯಾವ ಹಳದಿ? ಇಲ್ಲಿ ಅಂಗಡಿಗಿಂತ ಮನೆಯ ನೆಲ ನೋಡಿ ತೀರ್ಮಾನಿಸುವುದು ಒಳ್ಳೆಯದು. ನಮ್ಮ ಮನೆಗಳ ನೆಲದಲ್ಲಿ ಶಹಾಬಾದ ಅಥವಾ ತಾಳಿಕೋಟೆಯ ಫರಸಿ ಇದ್ದರೆ ಅದರ ಬೂದು ಬಣ್ಣಕ್ಕೆ ಮಣ್ಣಿನಂಶದ ಕೆಂಪು, ಸಾಸಿವೆ ಹಳದಿ ಚೆನ್ನಾಗಿ ಕೂಡುತ್ತವೆ. ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲ್ಸ್ ಇದ್ದರೆ ತುಂಬ ಗಾಢ ಕೆಂಪಿಗೂ ಅದಕ್ಕೂ ಅಂತರ ಹೆಚ್ಚಾಗಿ ಗೋಡೆ ನೆಲದಿಂದ ಕಿತ್ತುಬಂದಂತೆ ಕಾಣುತ್ತದೆ. ಅಲ್ಲಿ ಒಂದು ಮೆಟ್ಟಿಲು ತಿಳಿಯಾದ ಬಣ್ಣ ಮೇಲು, ಅಥವಾ ನಡುವೆ ದೊಡ್ಡ ಜಮಖಾನ ಹಾಸಬೇಕು. ಜಮಖಾನವೆಂದರೆ ನವಲಗುಂದದ್ದು ನೆನಪಾಗುತ್ತದೆ. ಅದರ ನೇಕಾರರ ಹಿರಿಯರು ವಿಜಯಪುರದಿಂದಲೇ ಹೋದವರು ಎಂಬ ಮಾತಿದೆ. ಕೆಂಪು, ಹಳದಿ, ಹಸಿರು, ಕಪ್ಪುಗಳನ್ನು ಒಂದೇ ಹಾಸಿನಲ್ಲಿ ಧೈರ್ಯವಾಗಿ ಕೂಡಿಸುವ ಆ ಕೈಗಳಿಂದ ಕಲಿಯುವುದು ಬೇಕಾದಷ್ಟಿದೆ. ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣ, ಅಜ್ಜಿಯ ಹಳೆಯ ಸೀರೆಗಳ ಕೌದಿ, ತಾಂಡಾದ ಹೆಣ್ಣುಮಕ್ಕಳ ಕನ್ನಡಿ ಕಸೂತಿ, ಕುರುಬರ ಕರಿ ಕಂಬಳಿ, ಇವು ನಮ್ಮ ಸುತ್ತಲಿನ ಬಣ್ಣದ ಪೆಟ್ಟಿಗೆ. ಕರಿ ಕಂಬಳಿಯನ್ನು ಬಿಳಿ ಗೋಡೆಯ ಮುಂದೆ ಹಾಸಿದರೆ ಬರೀ ಕಪ್ಪು. ಕಾವಿ ಬಣ್ಣದ ಗೋಡೆಯ ಮುಂದೆ ಹಾಸಿದರೆ ಅದರ ಕಪ್ಪಿನೊಳಗಿನ ಕಂದು ಕೂಡ ಕಾಣುತ್ತದೆ. ಗೋಡೆ ಒಂದೇ ಬಣ್ಣದಲ್ಲಿ ಮೌನವಾಗಿದ್ದಷ್ಟು ಇವುಗಳಿಗೆ ಮಾತನಾಡಲು ಜಾಗ. ಆದ್ದರಿಂದ ಗಾಢ ಬಣ್ಣದ ಮೇಲೆ ಮತ್ತೆ ಟೆಕ್ಸ್ಚರ್, ಸ್ಟಿಕ್ಕರ್, ಹೊಳಪಿನ ಹೂಬಳ್ಳಿ ಮೆತ್ತುವುದನ್ನು ನಾನು ಒಪ್ಪುವುದಿಲ್ಲ. ಹೊಳಪು ಬೇಡ ಎಂಬುದನ್ನೂ ಒತ್ತಿ ಹೇಳಬೇಕು. ಕಡುಬಣ್ಣಕ್ಕೆ ಮ್ಯಾಟ್ ಮೈ ಇದ್ದರೇ ಚೆಂದ. ಹೊಳಪಿನ ಬಣ್ಣ ಗಿಲಾವದ ಪ್ರತಿ ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ.

ಹಳೆಯ ಮಣ್ಣಿನ ಮನೆಯನ್ನೇ ಉಳಿಸಿಕೊಂಡವರಿಗೆ ಒಂದು ಎಚ್ಚರಿಕೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಆ ತೇವವನ್ನು ಹೊರಬಿಡುತ್ತದೆ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಯಾದರೂ ಅದರ ರಂಧ್ರಗಳು ಮುಚ್ಚುವುದಿಲ್ಲ. ಅಂಥ ಗೋಡೆಗೆ ಆಯಿಲ್ ಪೇಂಟೋ ಪ್ಲಾಸ್ಟಿಕ್ ಇಮಲ್ಷನ್ನೋ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಮೊದಲು ಬಣ್ಣದ ಪದರ ಎದ್ದು ಬರುತ್ತದೆ, ಆಮೇಲೆ ಮಣ್ಣೇ ಉದುರುತ್ತದೆ. ಇಲ್ಲಿ ಬೆಚ್ಚನೆಯ ಬಣ್ಣ ಬೇಕಾದರೆ ದಾರಿ ಹಳೆಯದೇ: ಚೆನ್ನಾಗಿ ಹಣ್ಣಾದ ಸುಣ್ಣ, ಅದಕ್ಕೆ ಸೋಸಿದ ಕಾವಿ ಅಥವಾ ಹಳದಿ ಮಣ್ಣಿನ ಪುಡಿ, ಹಿಡಿತಕ್ಕೆ ಒಂದಿಷ್ಟು ಅಂಟು, ತೆಳ್ಳಗೆ ಎರಡು ಮೂರು ಸಲ. ಸುಣ್ಣ ಬೆರೆತಾಗ ಕೆಂಪು ತಿಳಿಯಾಗಿ ತೊಗರಿನ ಬಣ್ಣಕ್ಕೆ ತಿರುಗುತ್ತದೆ. ಕಡುಗೆಂಪು ಬೇಕಾದ ಬುಡದ ಪಟ್ಟಿಗೆ ಪುಡಿಯನ್ನು ಅಂಟಿನಲ್ಲೇ ಕಲಸಬೇಕು. ಸುಣ್ಣ ಕುದಿಸುವಾಗ, ಬಳಿಯುವಾಗ ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳುವುದು ಕಡ್ಡಾಯ. ಈ ಕೆಲಸ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಸುಣ್ಣದ ಭಟ್ಟಿ ನಡೆಸುತ್ತಿದ್ದ ಸುಣಗಾರರ ಮನೆತನಗಳಲ್ಲಿ ಆ ಕಸುಬನ್ನು ಹಿಡಿದವರು ವಿರಳ. ಹಳೆಯ ಮನೆ ಕೆಡವುವ ಮುನ್ನ ಅದರ ಗೋಡೆಯ ಪದರಗಳನ್ನು ಒಂದು ಚೂಪಾದ ಅಲಗಿನಿಂದ ಅಂಗೈಯಗಲ ಕೆರೆದು ನೋಡಿ: ಇಮಲ್ಷನ್, ಅದರಡಿ ಡಿಸ್ಟೆಂಪರ್, ಅದರಡಿ ನೀಲಿ ಸುಣ್ಣ, ಬುಡದಲ್ಲಿ ಕೆಂಪು. ಒಂದು ಫೋಟೋ ತೆಗೆದಿಟ್ಟುಕೊಂಡರೆ ಹೊಸ ಮನೆಯ ಬಣ್ಣ ಆರಿಸಲು ಅದಕ್ಕಿಂತ ನಂಬಿಕೆಯ ಶೇಡ್ ಕಾರ್ಡ್ ಬೇಕಿಲ್ಲ.

ಹಾಗೆ ಕೆರೆಯುವಾಗ ಹಳೆಯ ಆಯಿಲ್ ಪೇಂಟಿನ ಪದರ ಸಿಕ್ಕರೆ ಜಾಗ್ರತೆ. ಹಿಂದಿನ ಹೊಳಪಿನ ಬಣ್ಣಗಳಲ್ಲಿ, ಅದರಲ್ಲೂ ಉಜ್ವಲ ಹಳದಿ, ಕಿತ್ತಳೆ, ಕೆಂಪುಗಳಲ್ಲಿ ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಬೆಚ್ಚನೆಯ ಬಣ್ಣ ಇಷ್ಟಪಡುವವರೇ ಹೆಚ್ಚು ಎಚ್ಚರವಾಗಿರಬೇಕಾದ ಸಂಗತಿ ಇದು. ಕೇಂದ್ರ ಸರಕಾರ 2016ರಲ್ಲಿ ನಿಯಮ ತಂದು ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು ಗೊತ್ತುಮಾಡಿತು, 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಹಳೆಯ ಪದರವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಚ್ಚಿ ಉಜ್ಜಬೇಕು, ಸಣ್ಣ ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಬೇಕು. ಹೊಸದು ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಬರೆದದ್ದನ್ನು ಓದಿ, ಹೆಸರಿಲ್ಲದ ಅಗ್ಗದ ಬಣ್ಣ ಬಿಟ್ಟುಬಿಡಿ.

ಖರ್ಚಿಗೆ ಹೆದರುವವರಿಗೆ, ಬಾಡಿಗೆ ಮನೆಯವರಿಗೆ, ಸರಕಾರದ ಯೋಜನೆಯ ಎರಡು ಕೋಣೆಯ ಮನೆಯವರಿಗೆ ಇಡೀ ಗೋಡೆಯ ಗೊಡವೆ ಬೇಡ. ಅವರ ಪಡಸಾಲೆಯೇ ಮಲಗುವ ಕೋಣೆ, ಉಣ್ಣುವ ಕೋಣೆ, ಅಲ್ಲಿ ಬೆಳಕು ಚಿನ್ನಕ್ಕೆ ಸಮ. ಮೇಲೆಲ್ಲ ಸುಣ್ಣವೋ ಹಾಲುಬಿಳಿ ಡಿಸ್ಟೆಂಪರೋ ಇರಲಿ. ನೆಲದಿಂದ ಎರಡೂವರೆ ಅಡಿ, ಅಂದರೆ ಚಾಪೆಯ ಮೇಲೆ ಕೂತು ಒರಗಿದವರ ತಲೆ ತಾಗುವಷ್ಟು ಎತ್ತರಕ್ಕೆ ಒರೆಸಬಹುದಾದ ಕಾವಿಗೆಂಪು ಹಚ್ಚಿದರೆ ಸಾಕು. ಕುರ್ಚಿ ಸೋಫಾ ಇರುವ ಮನೆಯಾದರೆ ಪಟ್ಟಿಯನ್ನು ಮೂರೂವರೆ ಅಡಿಗೆ ಏರಿಸಬೇಕು, ಇಲ್ಲದಿದ್ದರೆ ಸೋಫಾದ ಬೆನ್ನಿನ ಹಿಂದೆ ಬಣ್ಣ ಮುಚ್ಚಿಹೋಗುತ್ತದೆ. ಪಟ್ಟಿಯ ಮೇಲಂಚನ್ನು ನೂಲು ಹಿಡಿದು ಗುರುತು ಮಾಡಿಸಿ, ಬ್ರಷ್ಷಿನ ಅಂದಾಜಿಗೆ ಬಿಡಬೇಡಿ. ಮಳೆ ನಿಂತು ಗೋಡೆ ಆರಿದ ಮೇಲೆ, ದಸರೆ ದೀಪಾವಳಿಯ ನಡುವಿನ ದಿನಗಳಲ್ಲಿ ಈ ಕೆಲಸ ಹಿಡಿದರೆ ಬಣ್ಣ ಚೆನ್ನಾಗಿ ಕೂರುತ್ತದೆ. ಆ ಹೊತ್ತಿಗೆ ಸಂಜೆಗಳು ಬೇಗ ಕತ್ತಲಾಗತೊಡಗಿರುತ್ತವೆ. ಡಿಸೆಂಬರಿನಲ್ಲಿ ಇಲ್ಲಿಯ ರಾತ್ರಿಗಳು 15 ಡಿಗ್ರಿಗೂ ಕೆಳಗಿಳಿಯುವುದುಂಟು, ಮನೆಮಂದಿ ಬಾಗಿಲು ಹಾಕಿಕೊಂಡು ಒಳಗೇ ಕೂಡುವ ತಿಂಗಳುಗಳು ಅವು.